ಆ ಕಮಾನಿಗೆ ಪಾಲಿಶ್ ಮಾತ್ರ ಹಾಕಿಸಬೇಡಿ

ಪ್ಯಾರಿಸ್ಸಿನ ಹಳೇ ಸಾಮಾನಿನ ಸಂತೆಯಲ್ಲಿ ಪಿಟೀಲಿನ ಕಮಾನು ಕೊಂಡಿದ್ದೀರಿ. ಫ್ರಾನ್ಸಿನ ಕಮಾನು ತಯಾರಕರ ಮನೆತನ ‘ಬಜ಼ಾಂ’ನ ಮುದ್ರೆ ಇದೆ, ಹಾಗಾಗಿ ಅಸಲಿಯೇ, ಆದರೆ ಮುದ್ರೆ ಮಾಸಿದೆ, ಪಾಲಿಶ್ ಹಾಕಿಸಿ ಮಾರಲಾ ಅಂತ ಕೇಳಿದ್ದೀರಿ. ಬೇಡ. ನಾನು ಹಾಗೆ ಮಾಡಿಯೇ ನನ್ನ ಕಮಾನಿನ ಬೆಲೆ ಕಳೆದುಕೊಂಡೆ.

ಫ್ರಾನ್ಸಿನ ನ್ಯಾನ್ಸಿಯಲ್ಲಿ ಓದುವಾಗ ನನ್ನ ಪಿಟೀಲು ಮೇಷ್ಟ್ರು ಅವರ ಕಮಾನನ್ನೇ ನನಗೆ ಕಂತಿನಲ್ಲಿ ಕೊಟ್ಟರು. ಅದೂ ಬಜ಼ಾಂ ಮನೆತನದ್ದು. 60 ಗ್ರಾಂ ಆಸುಪಾಸು ತೂಕ, ಕೈಯಲ್ಲಿ ಹಿಡಿದದ್ದೇ ಗೊತ್ತಾಗುತ್ತಿರಲಿಲ್ಲ. ಕುದುರೆ ಕೂದಲು ಬದಲಾಯಿಸಲು ಒಬ್ಬ ರಿಪೇರಿಯವರಿಗೆ ಕೊಟ್ಟಾಗ, ‘ಹಾಗೇ ಹೊಸದರ ಥರ ಮಾಡಿಕೊಡಿ’ ಅಂದೆ. ಆ ಒಂದು ಮಾತೇ ನನ್ನ ತಪ್ಪು. ಅವರು ಉಪ್ಪುಕಾಗದದಿಂದ ಉಜ್ಜಿ ವಾರ್ನಿಶ್ ಹಚ್ಚಿದರು. ಫಳಫಳ ಅಂತಿತ್ತು, ನನಗೆ ಖುಷಿಯೋ ಖುಷಿ.

ವಿಮೆ ಮಾಡಿಸಲು ತಜ್ಞರ ಹತ್ತಿರ ಹೋದೆ. ಅವರು ಮುದ್ರೆ ಕಡೆ ನೋಡಲೇ ಇಲ್ಲ. ಭೂತಗನ್ನಡಿ ಹಿಡಿದು ತುದಿಯ ತಲೆಯನ್ನೇ ನೋಡಿದರು. ಅಲ್ಲಿ ಎರಡೂ ಬದಿಗೆ ಚಾಕುವಿನಿಂದ ಕೆತ್ತಿದ ಓರೆ ಅಂಚು ಇರುತ್ತದೆ. ಅಕ್ಕಿ ಕಾಳಿನಷ್ಟೂ ಅಗಲ ಇಲ್ಲ. ಆದರೆ ಯಾರ ಕೈಕೆಲಸ ಅನ್ನುವುದು ತಿಳಿಯುವುದು ಆ ಅಂಚಿನಿಂದ, ತಲೆಯ ಆಕಾರದಿಂದ. ನನ್ನದರಲ್ಲಿ ಅಂಚು ದುಂಡಗಾಗಿತ್ತು. ಹಿಡಿಯ ಹತ್ತಿರದ ಎಂಟು ಮೂಲೆಗಳೂ ಸವೆದಿದ್ದವು. ಉಜ್ಜಿ ತೆಗೆದ ಮರವನ್ನು ಮತ್ತೆ ಅಂಟಿಸಲು ಆಗುತ್ತದಾ? ಬೆಲೆ ಅರ್ಧಕ್ಕಿಂತ ಕೆಳಗೆ ಬಂತು.

ಮುದ್ರೆ ಇದ್ದರೆ ಅಸಲಿ ಅನ್ನುವ ನಿಮ್ಮ ಲೆಕ್ಕವೇ ಸರಿಯಿಲ್ಲ. ಬಜ಼ಾಂ ಅವರು ಫ್ರಾನ್ಸಿನ ಮಿರ್ಕೂರ್ ಊರಿನವರು, ತಲೆಮಾರುಗಳಿಂದ ಕಮಾನು ಮಾಡಿದವರು. 1865ರಲ್ಲಿ ತಂದೆ ತೀರಿಕೊಂಡಾಗ ಶಾರ್ಲ್ ನಿಕೊಲಾ 18ರ ಆಸುಪಾಸಿನ ಹುಡುಗ. ಕಾರ್ಖಾನೆ ಅವನ ಹೆಗಲಿಗೆ ಬಂತು. ಆಮೇಲೆ ಮಗ ಲೂಯಿ, ಮೊಮ್ಮಗ ಶಾರ್ಲ್ ಆಲ್ಫ್ರೆಡ್. ಮಿರ್ಕೂರಿನವರು ಎಷ್ಟೋ ಕಮಾನುಗಳನ್ನು ಅಂಗಡಿಯವರಿಗಾಗಿ ಮಾಡಿದರು, ಅವುಗಳ ಮೇಲೆ ಬಿದ್ದದ್ದು ಅಂಗಡಿಯವರ ಹೆಸರು. ಒಳ್ಳೆ ಹೆಸರನ್ನು ಸುಳ್ಳಾಗಿ ಒತ್ತಿದವರೂ ಇದ್ದಾರೆ.

ಒಣ ಬಟ್ಟೆಯಲ್ಲಿ ಒರೆಸಿ, ಸಾಕು. ನುಡಿಸಿದ ಮೇಲೆ ಕೂದಲು ಬಿಗಿಯುವ ತಿರುಪು ಸಡಿಲ ಮಾಡಿ. ಕಮಾನು ಮಾತ್ರ ನೋಡುವ ತಜ್ಞರಿಂದ ಬರಹದಲ್ಲಿ ಅಭಿಪ್ರಾಯ ತಗೊಳ್ಳಿ. ಕಡ್ಡಿ ಬ್ರೆಜಿಲ್‌ನ ಪೆರ್ನಾಂಬುಕೋ ಮರದ್ದಾಗಿದ್ದರೆ, ಆ ಮರ 2007ರಿಂದ ಸೈಟಿಸ್ ಪಟ್ಟಿಯಲ್ಲಿದೆ, ಅಂದರೆ ಅಳಿವಿನ ಭಯವಿರುವ ಗಿಡ-ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿ. ದೇಶ ದಾಟಿಸುವ ಮೊದಲು ನಿಯಮ ವಿಚಾರಿಸಿ. ಮಾರುವ ಮಾತು ಆಮೇಲೆ. ಮೊದಲು ಒಂದು ತಿಂಗಳು ಅದರಲ್ಲಿ ನುಡಿಸಿ ನೋಡಿ.

ನನ್ನದನ್ನು ನಾನು ಈಗಲೂ ದಿನಾ ನುಡಿಸುತ್ತೇನೆ. ಕೂದಲು ಬದಲಾಯಿಸಲು ಹಿಡಿಯ ಕರಿಮರದ ತುಂಡು ಬಿಚ್ಚಿದಾಗಲೆಲ್ಲ ಅದರಡಿಯ ಕಡ್ಡಿ ನೋಡುತ್ತೇನೆ. ಉಪ್ಪುಕಾಗದ ತಲುಪದ ಆ ಒಂದಿಂಚಿನಲ್ಲಿ ಮೂಲೆಗಳು ಇನ್ನೂ ಚೂಪಾಗಿವೆ.