ಸಂಬಳ ತಿಂಗಳು ತಿಂಗಳೂ ತಡವಾಗುತ್ತಿದ್ದರೆ ಏನು ಮಾಡಬಹುದು?

ಪೀಣ್ಯದ ಒಂದು ಚಿಕ್ಕ ಕಾರ್ಖಾನೆಯಲ್ಲಿ ಕೆಲಸ, ಸಂಬಳ 20ನೇ ತಾರೀಕು ದಾಟಿದ ಮೇಲೇ ಬರುತ್ತದೆ, ಈಗ ಎರಡು ತಿಂಗಳದ್ದು ಬಾಕಿ, ಕೇಳಿದರೆ "ಪಾರ್ಟಿ ಪೇಮೆಂಟ್ ಬರಲಿ, ಹಾಕ್ತೀವಿ" (ಅಂದರೆ ಮಾಲು ಕೊಂಡವರು ದುಡ್ಡು ಕೊಡಲಿ) ಅನ್ನುತ್ತಾರೆ, ಜಗಳ ಮಾಡಿದರೆ ಕೆಲಸ ಹೋಗುತ್ತದೆ ಅನ್ನೋ ಭಯ. ನೀವು ಕೇಳಿರುವುದು ಇಷ್ಟು, ಅಲ್ವಾ?

ನಾನು ಇಂಥ ಕಾರ್ಖಾನೆಗಳಲ್ಲೇ ವರ್ಷಗಟ್ಟಲೆ ಲೆಕ್ಕ ಬರೆದವನು, ಸಂಬಳದ ಪಟ್ಟಿ ಮಾಡಿದವನು. ಕೈಯಲ್ಲಿ ದುಡ್ಡು ಕಡಿಮೆ ಇರುವ ತಿಂಗಳು ಮಾಲೀಕರು ಮೊದಲು ಬ್ಯಾಂಕಿನ ಕಂತು ಕಟ್ಟುತ್ತಾರೆ, ಆಮೇಲೆ ಕರೆಂಟ್ ಬಿಲ್, ಜಿಎಸ್‌ಟಿ, ಕಚ್ಚಾ ಮಾಲು ಕೊಡುವವರು. ಇವರಲ್ಲಿ ಯಾರಿಗೆ ತಪ್ಪಿಸಿದರೂ ಮರುದಿನವೇ ತೊಂದರೆ ಶುರು. ನೌಕರರು ಮಾತ್ರ ಕ್ಯಾಂಟೀನಿನಲ್ಲಿ ಗೊಣಗಿ ಮತ್ತೆ ಮಷೀನಿನ ಮುಂದೆ ನಿಲ್ಲುತ್ತಾರೆ, ಹಾಗಾಗಿ ಅವರ ಸಂಬಳ ಸಾಲಿನ ಕೊನೆಗೆ ಹೋಗುತ್ತದೆ. ನೀವು ಮಾಲೀಕರಿಗೆ ಬಡ್ಡಿಯಿಲ್ಲದ ಸಾಲ ಕೊಡುತ್ತಿದ್ದೀರಿ, ಅದೂ ಪತ್ರ ಇಲ್ಲದೆ. ಮೊದಲು ಆ ಪತ್ರ ಹುಟ್ಟಿಸಿ.

ಅಂದರೆ ಬರೆದು ಕೇಳಿ. ಇಮೇಲ್ ಸಾಕು, ಇಲ್ಲದಿದ್ದರೆ ವಾಟ್ಸಾಪ್, ಅದೂ ಆಗದಿದ್ದರೆ ಬಿಳಿ ಹಾಳೆಯಲ್ಲಿ ಬರೆದು ಸ್ಪೀಡ್ ಪೋಸ್ಟ್. ಬೈಯುವುದು ಬೇಡ, ಕಾನೂನಿನ ದೊಡ್ಡ ಮಾತೂ ಬೇಡ. ಯಾವ ಯಾವ ತಿಂಗಳ ಸಂಬಳ ಬಾಕಿ, ಎಷ್ಟು, ಯಾವ ತಾರೀಕಿನೊಳಗೆ ಕೊಡುತ್ತೀರಿ ಎಂದು ನೇರವಾಗಿ ಕೇಳಿ. "ಮುಂದಿನ ವಾರ ಕೊಡ್ತೀವಿ" ಅಂತ ಒಂದು ಉತ್ತರ ಬಂದರೂ ಸಾಕು, ಬಾಕಿ ಇದೆ ಎಂದು ಅವರೇ ಒಪ್ಪಿದ ಹಾಗಾಯಿತು. ನೇಮಕಾತಿ ಪತ್ರ, ಪೇ ಸ್ಲಿಪ್, ಹಾಜರಿಯ ಫೋಟೋ, ಬ್ಯಾಂಕ್ ಸ್ಟೇಟ್‌ಮೆಂಟ್, ಎಲ್ಲದರ ಪ್ರತಿ ಮನೆಯಲ್ಲಿರಲಿ. ಆಫೀಸಿನ ಇಮೇಲ್ ಒಂದು ದಿನ ಇದ್ದಕ್ಕಿದ್ದ ಹಾಗೆ ಬಂದ್ ಆಗಬಹುದು.

ಇವತ್ತು ರಾತ್ರಿಯೇ ಇನ್ನೊಂದು ಕೆಲಸ ಮಾಡಿ. ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ನಿಮ್ಮ ಪಿಎಫ್ ಪಾಸ್‌ಬುಕ್ ತೆಗೆದು ನೋಡಿ. ಪ್ರತಿ ತಿಂಗಳ ಪಿಎಫ್ ಮುಂದಿನ ತಿಂಗಳು 15ರೊಳಗೆ ಕಟ್ಟಬೇಕು. ನಿಮ್ಮ ಸಂಬಳದಿಂದ ಹಿಡಿದಿದ್ದಾರೆ, ಖಾತೆಗೆ ಮಾತ್ರ ಬಂದಿಲ್ಲ ಅಂದರೆ ವಿಷಯ ಕೈ ಮೀರುತ್ತಿದೆ ಎಂದೇ ಅರ್ಥ. ನನ್ನ ಅನುಭವದಲ್ಲಿ ಕಂಪನಿ ಮುಳುಗುವ ಮೊದಲ ಗುರುತು ಇದೇ. ಅದಕ್ಕೆ ಬೇರೆಯಾಗಿಯೇ ಪಿಎಫ್ ನೋಡಿಕೊಳ್ಳುವ ಇಪಿಎಫ್ಒಗೆ ಆನ್‌ಲೈನ್ ದೂರು ಕೊಡಬಹುದು, ತಡಕ್ಕೆ ಕಂಪನಿಯೇ ಬಡ್ಡಿ, ದಂಡ ಕಟ್ಟಬೇಕು. ಹಾಗೇ ಬೇರೆ ಕೆಲಸ ಹುಡುಕುವುದನ್ನೂ ಶುರು ಮಾಡಿ.

ಇನ್ನು ಕಾನೂನು. 1936ರ ಹಳೆಯ ವೇತನ ಪಾವತಿ ಕಾಯ್ದೆಯ ರಕ್ಷಣೆ ಕೊನೆಕೊನೆಗೆ ತಿಂಗಳಿಗೆ 24,000 ರೂಪಾಯಿವರೆಗಿನ ಸಂಬಳದವರಿಗೆ ಮಾತ್ರ ಇತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ವೇತನ ಸಂಹಿತೆ ಬಂದಿದೆ. ಇದರಲ್ಲಿ ಆ ಮಿತಿ ಇಲ್ಲ, ಸೂಪರ್‌ವೈಸರ್, ಮ್ಯಾನೇಜರ್ ಕೂಡ ಇದರೊಳಗೆ ಬರುತ್ತಾರೆ. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಕು ಮುಗಿಯುವ ಮೊದಲು ಕೊಡಲೇಬೇಕು. ಪಾರ್ಟಿ ಪೇಮೆಂಟ್ ಬಂತೋ ಇಲ್ಲವೋ, ಅದು ನಿಮ್ಮ ತಲೆನೋವಲ್ಲ. ಕೆಲಸ ಬಿಟ್ಟರೂ, ಅವರೇ ತೆಗೆದರೂ, ಎರಡು ಕೆಲಸದ ದಿನಗಳಲ್ಲಿ ಬಾಕಿ ಸಂಬಳ ಕೊಡಬೇಕು. ಕ್ಲೇಮ್ ಹಾಕಲು ಮೂರು ವರ್ಷ ಸಮಯ ಇದೆ. ಸಂಬಳ ಕೊಟ್ಟಿದ್ದೇವೆ ಎಂದು ಸಾಬೀತು ಮಾಡುವ ಹೊರೆ ಕಂಪನಿಯ ಮೇಲೆಯೇ ಇರುತ್ತದೆ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರವೂ ಕ್ಲೇಮ್ ವಿಚಾರಿಸುವ ಅಧಿಕಾರಿಗೆ ಇದೆ. ಅಷ್ಟು ಸಿಗುತ್ತದೆ ಎಂದು ಲೆಕ್ಕ ಹಾಕಿ ಕೂರಬೇಡಿ, ಆದರೆ ಮಾಲೀಕರ ವಕೀಲರಿಗೆ ಆ ಸಂಖ್ಯೆ ಚೆನ್ನಾಗಿ ಗೊತ್ತಿರುತ್ತದೆ.

ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ ನಿಮ್ಮ ಏರಿಯಾ ಯಾವ ಅಧಿಕಾರಿಗೆ ಬರುತ್ತದೆ ಎಂದು ಕೇಳಿ. ಬೇರೆ ಜಿಲ್ಲೆಯವರಾದರೆ ಅಲ್ಲಿನ ಕಾರ್ಮಿಕ ಅಧಿಕಾರಿ ಕಚೇರಿ. ದೂರು ಕೊಟ್ಟರೆ ಸ್ವೀಕೃತಿ ತೆಗೆದುಕೊಳ್ಳದೆ ಬರಬೇಡಿ. ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಾರ್ಖಾನೆ ಕಾರ್ಮಿಕರು ಉಚಿತ ವಕೀಲರಿಗೆ ಅರ್ಹರು. ಕಾನೂನು ಸಹಾಯವಾಣಿ 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ನೀವು ಗುತ್ತಿಗೆದಾರರ ಕಡೆಯವರಾದರೆ, ಗುತ್ತಿಗೆದಾರ ಕೈ ಎತ್ತಿದಾಗ ನೀವು ಯಾರಿಗಾಗಿ ದುಡಿಯುತ್ತೀರೋ ಆ ಮೂಲ ಕಂಪನಿಯೇ ಸಂಬಳ ಕೊಡಬೇಕು. ಹಾಗಾಗಿ ದೂರಿನಲ್ಲಿ ಇಬ್ಬರ ಹೆಸರೂ ಇರಲಿ.

ಒಬ್ಬರೇ ಹೋಗಬೇಡಿ. ಬಾಕಿ ಇರುವ ಹತ್ತು ಜನ ಒಂದೇ ಪತ್ರಕ್ಕೆ ಸಹಿ ಹಾಕಿದರೆ ಒಬ್ಬರನ್ನು ಆರಿಸಿ ತೆಗೆಯುವುದು ಅವರಿಗೆ ಕಷ್ಟ. ಯೂನಿಯನ್ ಇದ್ದರೆ ಅದೇ ನಿಮ್ಮ ಪರವಾಗಿ ಕ್ಲೇಮ್ ಹಾಕಬಹುದು. ಆದರೆ ನೋಟಿಸ್ ಕೊಡದೆ ಎಲ್ಲರೂ ಒಟ್ಟಿಗೆ ಕೆಲಸಕ್ಕೆ ಗೈರಾಗಬೇಡಿ. ಹತ್ತು ಜನ ಅಥವಾ ಜಾಸ್ತಿ ಮಂದಿ ಸರಿಯಾದ ಕಾರಣ ಇಲ್ಲದೆ ಹಾಗೆ ಮಾಡಿದರು ಎಂದು ತೋರಿಸಿ ಎಂಟು ದಿನದ ಸಂಬಳದವರೆಗೆ ಹಿಡಿಯಲು ಅವರಿಗೆ ಅವಕಾಶ ಇದೆ. ಕೋಪದಲ್ಲಿ ಕೈ ಎತ್ತುವುದಂತೂ ಬೇಡವೇ ಬೇಡ. 2020ರ ಡಿಸೆಂಬರ್‌ನಲ್ಲಿ ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುವ ಕಾರ್ಖಾನೆಯಲ್ಲಿ ಸಂಬಳದ ಸಿಟ್ಟಿಗೆ ಕಾರ್ಮಿಕರು ದಾಂಧಲೆ ಮಾಡಿದ್ದು ನೆನಪಿರಬಹುದು. ಕೆಲವರಿಗೆ ಸಂಬಳ ಸರಿಯಾಗಿ, ಸಮಯಕ್ಕೆ ಆಗಿಲ್ಲ ಎಂದು ಕಂಪನಿಯೇ ಆಮೇಲೆ ಒಪ್ಪಿ ಕ್ಷಮೆ ಕೇಳಿತು. ಅಷ್ಟರಲ್ಲಿ ನೂರಕ್ಕೂ ಹೆಚ್ಚು ಮಂದಿ ಬಂಧನವಾಗಿತ್ತು. ನ್ಯಾಯ ಕಾರ್ಮಿಕರ ಕಡೆಗಿದ್ದರೂ ಜೈಲು ಕಂಡವರು ಅವರೇ. ನನಗೆ ಈಗಲೂ ಅದು ಸಂಕಟ.

ಕೊನೆಗೆ ಕೆಲಸ ಬಿಡುವುದೇ ಆದರೆ ಏನೂ ಹೇಳದೆ ಕೆಲಸಕ್ಕೆ ಹೋಗುವುದನ್ನು ನಿಲ್ಲಿಸಬೇಡಿ, "ಹೇಳದೆ ಓಡಿಹೋದ" ಎಂದು ಬರೆದುಬಿಡುತ್ತಾರೆ. ರಾಜೀನಾಮೆ ಪತ್ರದಲ್ಲೇ ಬಾಕಿ ಮೊತ್ತ ಬರೆಯಿರಿ. ರಿಲೀವಿಂಗ್ ಲೆಟರ್ ಬೇಕಾದರೆ "ಎಲ್ಲ ಬಾಕಿ ತಲುಪಿದೆ" ಎಂಬ ಕಾಗದಕ್ಕೆ ಸಹಿ ಹಾಕಿ ಅನ್ನುತ್ತಾರೆ. ದುಡ್ಡು ಖಾತೆಗೆ ಬೀಳುವವರೆಗೆ ಅದಕ್ಕೆ ಸಹಿ ಹಾಕಬೇಡಿ.