ಬಿಸಿಲಿಗೆ ಹುಳ ಸಾಯಲ್ವಾ? ಓದುಗರ ಪತ್ರಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಬಿಸಿಲು ಮತ್ತು ಹುಳದ್ದೇ. ಒಂದೇ ತರದವನ್ನು ಒಟ್ಟಿಗೆ ಸೇರಿಸಿ ಉತ್ತರ ಬರೆದಿದ್ದೇನೆ. ಮೆಕ್ಕೆಜೋಳದವರ ಪತ್ರ ಮೊದಲು ಇಟ್ಟಿದ್ದೇನೆ. ಬೇರೆ ಬೆಳೆಯವರೂ ದಯವಿಟ್ಟು ಅದನ್ನು ಓದಿಯೇ ಮುಂದೆ ಹೋಗಿ.

ಕೊಳವೆಬಾವಿ ನೀರಲ್ಲಿ ಬೇಸಿಗೆ ಮೆಕ್ಕೆಜೋಳ ಹಾಕಿದ್ದೇವೆ. ಮಧ್ಯಾಹ್ನ 37–38 ಡಿಗ್ರಿ ಬಿಸಿಲು. ಇಷ್ಟು ಬಿಸಿಲಿಗೆ ಸುಳಿಯ ಲದ್ದಿಹುಳ ಸಾಯಬೇಕು ಅಲ್ವಾ? ನಮ್ಮಲ್ಲಿ ಚಳಿಗಾಲಕ್ಕಿಂತ ಈಗಲೇ ಜಾಸ್ತಿ.
– ಓದುಗರು, ಹರಿಹರ ತಾಲ್ಲೂಕು

ನೀವು ಕಂಡಿದ್ದು ಸರಿ. ಹುಳಕ್ಕೆ ನಮ್ಮ ಹಾಗೆ ಸ್ವಂತ ಮೈಶಾಖ ಇಲ್ಲ. ಸುತ್ತ ಎಷ್ಟು ಬಿಸಿಯೋ ಅದರ ಮೈಯೂ ಹೆಚ್ಚುಕಡಿಮೆ ಅಷ್ಟೇ. ಮೈ ಬಿಸಿಯಾದಷ್ಟೂ ಅದು ಬೇಗ ತಿನ್ನುತ್ತದೆ, ಬೇಗ ಬೆಳೆಯುತ್ತದೆ, ಬೇಗ ಮೊಟ್ಟೆ ಇಡುತ್ತದೆ. ಇದಕ್ಕೆ ಒಂದು ಲೆಕ್ಕ ಇದೆ. ಬರೆದು ತೋರಿಸುತ್ತೇನೆ.

ನೀವು ಹೇಳುವ ಹುಳ ಫಾಲ್ ಸೈನಿಕ ಹುಳು. 2018ರ ಮೇ ತಿಂಗಳಲ್ಲಿ ನಮ್ಮ ಶಿವಮೊಗ್ಗದಲ್ಲೇ ಇದು ಭಾರತದಲ್ಲಿ ಮೊದಲ ಸಲ ಪತ್ತೆಯಾಯಿತು. ಸುಮಾರು 12.5 ಡಿಗ್ರಿಗಿಂತ ಕೆಳಗೆ ಇದು ಬೆಳೆಯಲ್ಲ. ಅದಕ್ಕಿಂತ ಮೇಲೆ ದಿನದ ಸರಾಸರಿ ಎಷ್ಟು ಡಿಗ್ರಿ ಇದೆಯೋ ಅಷ್ಟು ಅದರ ಖಾತೆಗೆ ಜಮಾ. ಮೊಟ್ಟೆಯಿಂದ ಪತಂಗ ಆಗುವ ತನಕ ಸುಮಾರು 390 ಜಮಾ ಆಗಬೇಕು. ಡಿಸೆಂಬರಿನಲ್ಲಿ ಹಗಲು 29, ರಾತ್ರಿ 16 ಅಂದುಕೊಳ್ಳಿ. ಸರಾಸರಿ 22.5, ದಿನಕ್ಕೆ 10 ಜಮಾ, 39 ದಿನ ಬೇಕು. ಏಪ್ರಿಲಿನಲ್ಲಿ ಹಗಲು 37, ರಾತ್ರಿ 23. ಸರಾಸರಿ 30, ದಿನಕ್ಕೆ 17.5 ಜಮಾ, 22 ದಿನ ಸಾಕು. ನೂರು ದಿನದ ಬೆಳೆಯಲ್ಲಿ ಚಳಿಗಾಲಕ್ಕೆ ಎರಡೂವರೆ ತಲೆಮಾರು, ಬೇಸಿಗೆಗೆ ನಾಲ್ಕಕ್ಕಿಂತ ಜಾಸ್ತಿ. ಒಂದು ಹೆಣ್ಣು ಪತಂಗ ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು ಅನ್ನೋದನ್ನು ಇದಕ್ಕೆ ಸೇರಿಸಿ ನೋಡಿ.

ಈ ಲೆಕ್ಕದಲ್ಲಿ ರಾತ್ರಿಯೂ ಇದೆ, ಗಮನಿಸಿ. ನಾವೆಲ್ಲ ಮಧ್ಯಾಹ್ನದ ಬಿಸಿಲನ್ನೇ ಮಾತಾಡುತ್ತೇವೆ. ರಾತ್ರಿಯ ಸೆಕೆ ಹೆಚ್ಚಿದರೂ ಹುಳಕ್ಕೆ ಅಷ್ಟೇ ಲಾಭ.

ಹಾಗಾದರೆ 38 ಡಿಗ್ರಿ ಅದನ್ನು ಸುಡಲ್ವಾ? ಇಡೀ ದಿನ 35 ದಾಟಿ ಹಾಗೇ ನಿಂತರೆ ಮೊಟ್ಟೆ ಮತ್ತು ಮರಿಗೆ ನಿಜಕ್ಕೂ ಕಷ್ಟ. ಆದರೆ ನಿಮ್ಮ ಹೊಲದಲ್ಲಿ 38 ಇರುವುದು ಎರಡು ಮೂರು ತಾಸು, ಅದೂ ಗಾಳಿಯಲ್ಲಿ. ಮಧ್ಯಾಹ್ನ ಎರಡು ಗಂಟೆಗೆ ಹೋಗಿ ಸುಳಿಯೊಳಗೆ ಬೆರಳು ಇಟ್ಟು ನೋಡಿ. ತಂಪಾಗಿ, ಹಸಿಯಾಗಿ ಇರುತ್ತದೆ. ನೀರು ಕುಡಿದ ಗಿಡದ ಎಲೆ ಗಾಳಿಗಿಂತ ಒಂದೆರಡು ಡಿಗ್ರಿ ತಣ್ಣಗೇ ಇರುತ್ತದೆ. ಹುಳ ಅಲ್ಲೇ, ತನ್ನದೇ ಲದ್ದಿಯ ಕೆಳಗೆ ಮಲಗಿ, ಹೊತ್ತು ಇಳಿದ ಮೇಲೆ ಮೇಯಲು ಬರುತ್ತದೆ.

ಇನ್ನೊಂದು ಕಡೆಯಿಂದಲೂ ಬಿಸಿಲು ಅದಕ್ಕೇ ಸಹಾಯ ಮಾಡುತ್ತದೆ. ಮಳೆಗಾಲದಲ್ಲಿ ಎಲೆಯ ಮೇಲೆ ಸೆಟೆದು ಸತ್ತು, ಬೆಳ್ಳಗೆ ಆಮೇಲೆ ಹಸಿರಾಗಿ ಬೂಷ್ಟು ಹಿಡಿದ ಹುಳ ನೋಡಿರುತ್ತೀರಿ. ಅದು ಮೆಟರೈಜಿಯಂ ರೈಲಿ ಎಂಬ ಶಿಲೀಂಧ್ರದ ಕೆಲಸ. ಅದಕ್ಕೆ ತೇವ ಬೇಕೇ ಬೇಕು. ಒಣ ಬಿಸಿಲಲ್ಲಿ ಅದು ಕೈಕೊಡುತ್ತದೆ. ಮೊಟ್ಟೆಯ ಮೇಲೆ ಬರುವ ಪುಟ್ಟ ಕಣಜಗಳೂ ಶಾಖಕ್ಕೆ ಬೇಗ ಸೋಲುತ್ತವೆ. ಬಿಸಿಲಿಗೆ ಮೊದಲು ಬಲಿಯಾಗುವುದು ಹುಳದ ಶತ್ರು, ಆಮೇಲೆ ಹುಳ. ಇದೊಂದು ಮಾತು ನೆನಪಿದ್ದರೆ ಬೇಸಿಗೆಯ ಅರ್ಧ ಔಷಧಿ ಖರ್ಚು ಉಳಿಯುತ್ತದೆ.

ಬೇಸಿಗೆಯಲ್ಲಿ ವಾರಕ್ಕೊಮ್ಮೆ ಹೊಲ ನೋಡಿದರೆ ಸಾಲದು, ಎರಡು ಸಲ ನೋಡಿ. ಎಲೆಯ ಮೇಲೆ ಹತ್ತಿಯಂಥ ನವಿರು ಹೊದ್ದ ಮೊಟ್ಟೆ ಗುಂಪು ಕಂಡರೆ ಬೆರಳಲ್ಲೇ ಹೊಸಕಿ. ಎಲೆಯಲ್ಲಿ ಕಿಟಕಿಯಂಥ ತೆಳು ಕಲೆ ಶುರುವಾದಾಗ, ಅಂದರೆ ಮರಿ ಚಿಕ್ಕದಿದ್ದಾಗಲೇ, ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ ಲೀಟರಿಗೆ 0.4 ಗ್ರಾಂ ಬೆರೆಸಿ, ಸಂಜೆ ಐದರ ನಂತರ, ಸುಳಿಗೆ ಬೀಳುವ ಹಾಗೆ ಹೊಡೆಯಿರಿ. ಹುಳ ಬೆರಳುದ್ದ ಆದ ಮೇಲೆ ಹೊಡೆಯುವುದು ಸುಮ್ನೆ ದುಡ್ಡು ದಂಡ. ಕೊಯ್ಲಾದ ಮೇಲೆ ನೀರು ನಿಲ್ಲಿಸಿ ಒಂದು ಆಳ ಉಳುಮೆ ಮಾಡಿ. ಇದರ ಕೋಶ ಮಣ್ಣಲ್ಲಿ ಮೇಲೆ ಮೇಲೆಯೇ ಇರುತ್ತದೆ. ಮೇ ತಿಂಗಳಲ್ಲಿ ಬರಿ ಮಣ್ಣಿನ ಮೈ 50 ಡಿಗ್ರಿ ದಾಟುತ್ತದೆ, ಜತೆಗೆ ಬೆಳ್ಳಕ್ಕಿ, ಕಾಗೆ ಬರುತ್ತವೆ. ಬಿಸಿಲು ನಿಜವಾಗಿ ನಿಮ್ಮ ಕಡೆ ನಿಲ್ಲುವುದು ಅಲ್ಲಿ.

ಬದನೆ ಎಲೆ ಬೆಳ್ಳಗೆ ಚುಕ್ಕೆ ಬಿದ್ದು ಉದುರುತ್ತಿದೆ. ಅಂಗಡಿಯಲ್ಲಿ ಹೇಳಿದಂತೆ ಸೈಪರ್‌ಮೆಥ್ರಿನ್ ವಾರಕ್ಕೊಂದು ಸಲ ಹೊಡೆದೆವು. ಹೊಡೆದಷ್ಟೂ ಜಾಸ್ತಿಯಾಗುತ್ತಿದೆ. ಔಷಧಿ ನಕಲಿಯೇ?
– ಓದುಗರು, ಮಾಲೂರು

ಔಷಧಿ ಅಸಲಿಯೇ ಇದ್ದರೂ ಹೀಗೇ ಆಗುತ್ತಿತ್ತು. ನಿಮ್ಮದು ಕೆಂಪು ನುಸಿ, ಮೈಟ್. ಎಂಟು ಕಾಲಿನದು, ಜೇಡದ ಬಳಗ. ಕೀಟದ ಔಷಧಿಗೆ ಅದು ಜಗ್ಗಲ್ಲ.

ಹತ್ತು ಪಟ್ಟು ದೊಡ್ಡದಾಗಿ ಕಾಣುವ ಒಂದು ಮಸೂರ ತಗೊಳ್ಳಿ. ನನ್ನ ಕುತ್ತಿಗೆಯಲ್ಲಿ ಅದು ಸದಾ ಇರುತ್ತದೆ, ಪ್ರತಿ ತರಕಾರಿ ಬೆಳೆಗಾರರ ಬಳಿಯೂ ಇರಬೇಕು ಅನ್ನುವುದು ನನ್ನ ಆಸೆ. ಎಲೆ ಮಗುಚಿ, ನರದ ಪಕ್ಕ ನೋಡಿ. ತೆಳು ಬಲೆ. ಅದರಲ್ಲಿ ಗಾಜಿನ ಗುಂಡಿನಂಥ ಮೊಟ್ಟೆಗಳು. ಬೆನ್ನ ಮೇಲೆ ಎರಡು ಕಪ್ಪು ಮಚ್ಚೆ ಹೊತ್ತು ನಿಧಾನ ನಡೆಯುವ ನುಸಿ. ಅವುಗಳ ಮಧ್ಯೆ ಹೊಳೆಯುವ ಮೈಯ, ಸರಸರ ಓಡುವ ಒಂದೆರಡು ಕಂಡರೆ ಅವನ್ನು ಉಳಿಸಿಕೊಳ್ಳಿ. ಅವು ನುಸಿಯನ್ನು ತಿನ್ನುವ ನುಸಿ. ನಿಮ್ಮ ಸೈಪರ್‌ಮೆಥ್ರಿನ್ ಕೊಂದದ್ದು ಇವನ್ನೇ.

ಬಿಸಿಲಿನ ಪಾಲೂ ಇದೆ. ತಂಪಿನ ದಿನಗಳಲ್ಲಿ ಎರಡು ಮೂರು ವಾರ ಹಿಡಿಯುವ ಈ ನುಸಿಯ ಬೆಳವಣಿಗೆ 30 ಡಿಗ್ರಿಯಲ್ಲಿ ಒಂದು ವಾರದ ಸುಮಾರಿಗೆ ಮುಗಿಯುತ್ತದೆ. ಒಣ ಗಾಳಿ ಅದಕ್ಕೆ ಇನ್ನೂ ಇಷ್ಟ. ರಸ್ತೆ ಧೂಳು ಕೂತ ಸಾಲಿನಲ್ಲಿ ಮೊದಲು ಶುರುವಾಗುತ್ತದೆ, ನೋಡಿ ಬೇಕಾದರೆ. ಇನ್ನು ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ಸೈಹ್ಯಾಲೋಥ್ರಿನ್ ತರದ ಔಷಧಿಗಳ ಗುಣವೇ ಬೇರೆ. ಎಷ್ಟೋ ಕೀಟಗಳ ಮೇಲೆ ಅವು ತಂಪಿನಲ್ಲಿ ಚುರುಕು, ಬಿಸಿಯಲ್ಲಿ ಮಂದ. ಮಧ್ಯಾಹ್ನ ಹೊಡೆದರೆ ದುಪ್ಪಟ್ಟು ನಷ್ಟ.

ಅದನ್ನು ಪೂರ್ತಿ ನಿಲ್ಲಿಸಿ. ತೀರಾ ಹಾಳಾದ ಕೆಳಗಿನ ಎಲೆ ಕಿತ್ತು ಚೀಲಕ್ಕೆ ತುಂಬಿ ಹೊರಗೆ ಸುಡಿ. ಬೆಳಿಗ್ಗೆ ಬೇಗ ಎಲೆಯ ಅಡಿಗೆ ಜೋರಾಗಿ ನೀರು ಹೊಡೆಯಿರಿ. ಗಿಡ ಬಾಯಾರದ ಹಾಗೆ ನೋಡಿಕೊಳ್ಳಿ, ಬಾಡಿದ ಗಿಡದ ರಸ ಇಂಥವಕ್ಕೆ ಹೆಚ್ಚು ಒಗ್ಗುತ್ತದೆ. ಆಮೇಲೂ ಬೇಕಾದರೆ ನುಸಿಗೇ ಇರುವ ಸ್ಪೈರೊಮೆಸಿಫೆನ್ ಅಥವಾ ಪ್ರಾಪರ್ಗೈಟ್ ಬಳಸಿ, ಲೇಬಲ್ ಮೇಲಿನ ಪ್ರಮಾಣ ಮತ್ತು ಕೊಯ್ಲಿಗೆ ಮುಂಚಿನ ದಿನಗಳನ್ನು ಓದಿಯೇ. ಗಂಧಕದ ಪುಡಿ ಅಗ್ಗ, ಒಳ್ಳೆಯದೂ ಹೌದು, ಆದರೆ 32–35 ಡಿಗ್ರಿ ದಾಟಿದ ಬಿಸಿಲಲ್ಲಿ ಎಲೆ ಸುಡುತ್ತದೆ. ಈಗ ಬೇಡ.

ತೆಂಗಿನ ಗರಿ ಅಡಿಯಲ್ಲಿ ಬಿಳಿ ಸುರುಳಿ ಸುರುಳಿ, ಕೆಳಗಿನ ಗರಿಯೆಲ್ಲ ಕಪ್ಪು. ಪ್ರತಿ ಬೇಸಿಗೆ ಹೀಗೇ. ಬೇರಿಗೆ ಔಷಧಿ ಕೊಡಲೇ?
– ಓದುಗರು, ಅರಸೀಕೆರೆ

ಕೊಡಬೇಡಿ. ಇದು ಸುರುಳಿಯಾಕಾರದ ಬಿಳಿನೊಣ. 2016ರಲ್ಲಿ ಪೊಳ್ಳಾಚಿಯಲ್ಲಿ ಕಾಣಿಸಿ ಅಲ್ಲಿಂದ ನಮ್ಮ ಕಡೆ ಬಂತು. ಒಣ ತಿಂಗಳುಗಳಲ್ಲಿ ಏರುತ್ತದೆ, ಮಳೆ ಹಿಡಿದರೆ ಇಳಿಯುತ್ತದೆ. ಗರಿ ಮಗುಚಿ ಮರಿಗಳನ್ನು ನೋಡಿ. ಬಿಳಿ ಮರಿಗಳ ನಡುವೆ ಕಪ್ಪಾದವು ಇದ್ದರೆ ಅವುಗಳೊಳಗೆ ಎನ್ಕಾರ್ಸಿಯಾ ಎಂಬ ಕಣಜದ ಮರಿ ಬೆಳೆಯುತ್ತಿದೆ. ಕೀಟನಾಶಕ ಹೊಡೆದರೆ ಮೊದಲು ಹೋಗುವುದು ಅದೇ. ಕಪ್ಪಾದ ಮರಿ ಇಲ್ಲವೇ ಇಲ್ಲ ಅಂದರೆ, ಇರುವ ತೋಟದಿಂದ ಗರಿ ತುಂಡು ತಂದು ನಿಮ್ಮ ಮರಕ್ಕೆ ಕಟ್ಟಿ. ಎಳೆ ಮರಗಳಿಗೆ ನೀರಿನ ರಭಸ ಸಾಕು. ಬೇವಿನೆಣ್ಣೆ ಹೊಡೆಯುವುದಾದರೆ ಲೀಟರಿಗೆ 5 ಮಿ.ಲೀ., ಸಂಜೆ ಮಾತ್ರ. ಕಪ್ಪು ಬೂಷ್ಟು ನೋಡಲು ಭಯ, ಅಷ್ಟೇ. ಗಂಜಿ ತಿಳಿ ಚಿಮುಕಿಸಿದರೆ ಒಣಗಿ ಸಿಪ್ಪೆಯಾಗಿ ಉದುರುತ್ತದೆ.

ನೆರಳು ಮರ ಕಡಿಸಿದ ಮೇಲೆ ಅರೇಬಿಕಾ ಕಾಫಿಗೆ ಬಿಳಿ ಕಾಂಡಕೊರಕ ಜಾಸ್ತಿಯಾಗಿದೆ. ಸಂಬಂಧ ಇದೆಯೇ?
– ಓದುಗರು, ಮೂಡಿಗೆರೆ

ನೇರ ಸಂಬಂಧ ಇದೆ. ಈ ದುಂಬಿಗೆ ಬಿಸಿಲು ಬಿದ್ದು ಬೆಚ್ಚಗಾದ ಕಾಂಡವೇ ಬೇಕು. ಏಪ್ರಿಲ್–ಮೇ ಮತ್ತು ಅಕ್ಟೋಬರಿನಿಂದ ಡಿಸೆಂಬರ್, ಇವೆರಡು ಹಾರಾಟದ ಹೊತ್ತು. ತೊಗಟೆಯ ಸಂದಿಯಲ್ಲಿ ಮೊಟ್ಟೆ ಇಡುತ್ತದೆ. ಮತ್ತೆ ನೆರಳು ಮರ ಬೆಳೆಯುವ ತನಕ ಕಾಫಿ ಕಾಂಡದ ಸಡಿಲ ತೊಗಟೆ ಉಜ್ಜಿ ತೆಗೆದು, ಶೇಕಡಾ 10ರ ಸುಣ್ಣದ ನೀರು ಹೊಡೆಸಿ. ಕೊರಕ ಹೊಕ್ಕ ಗಿಡವನ್ನು ಹಾರಾಟಕ್ಕೆ ಮುಂಚೆಯೇ ಬುಡಸಮೇತ ಕಿತ್ತು ಸುಡಿಸಿ. ಮತ್ತೆ ನೆರಳು ಮಾಡದೆ ಇದಕ್ಕೆ ಬೇರೆ ದಾರಿ ಇಲ್ಲ. ಒಂದು ಮರ ಕಡಿಯುವ ಮುಂಚೆ ಅದರ ನೆರಳು ಮಧ್ಯಾಹ್ನ ಎಷ್ಟು ಗಿಡಕ್ಕೆ ಬೀಳುತ್ತದೆ ಅಂತ ನಿಂತು ನೋಡಿ, ಆಮೇಲೆ ತೀರ್ಮಾನ ಮಾಡಿ ಎಂದು ಮಲೆನಾಡಿನ ಎಲ್ಲರಲ್ಲೂ ಕೇಳಿಕೊಳ್ಳುತ್ತೇನೆ.

ಬಿತ್ತನೆಗೆ ಇಟ್ಟ ತೊಗರಿಗೆ ನುಸಿ ಬಿದ್ದಿದೆ. ಔಷಧಿ ಗುಳಿಗೆ ಮನೆಯಲ್ಲಿ ಇಡಲು ಹೆದರಿಕೆ. ಬಿಸಿಲಿಗೆ ಹಾಕಿದರೆ ಸಾಕೇ?
– ಓದುಗರು, ಚಿಂಚೋಳಿ

ನಿಮ್ಮ ತೊಗರಿಯ ನುಸಿ ಬದನೆಯ ನುಸಿಯಂಥದ್ದಲ್ಲ, ಕಾಳು ಕೊರೆಯುವ ದುಂಬಿ. ಹೆದರಿಕೆ ನ್ಯಾಯವಾದದ್ದು. ಮಲಗುವ ಮನೆಯಲ್ಲಿ ಆ ಗುಳಿಗೆ ಯಾವ ಕಾರಣಕ್ಕೂ ಬೇಡ. ನಿಮ್ಮ ಊರಿನ ಬಿಸಿಲಿಗೇ ಈ ಕೆಲಸ ಒಪ್ಪಿಸಬಹುದು. ಬರಿ ಅಂಗಳದಲ್ಲಿ ಹರಡಿದರೆ ಮಾತ್ರ ಸಾಲದು. ದೊಡ್ಡ ಹುಳ ಎದ್ದು ಹೋಗುತ್ತದೆ, ಕಾಳಿನೊಳಗಿನ ಮರಿ ಉಳಿಯುತ್ತದೆ.

ಮೊದಲು ಕಾಳು ಕಟಕ್ ಅನ್ನುವಷ್ಟು ಒಣಗಿರಲಿ. ಹಸಿ ಕಾಳಿಗೆ ಈ ಶಾಖ ಕೊಟ್ಟರೆ ಮೊಳಕೆ ಹೋಗುತ್ತದೆ. ಕಪ್ಪು ತಾಡಪಾಲಿನ ಮೇಲೆ ಎರಡು ಬೆರಳು ದಪ್ಪಕ್ಕೆ ಹರಡಿ. ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ನಾಲ್ಕೂ ಅಂಚಿಗೆ ಕಲ್ಲು ಅಥವಾ ಮಣ್ಣು ಒತ್ತಿ, ಗಾಳಿ ಆಡದ ಹಾಗೆ ಮಾಡಿ. 57 ಡಿಗ್ರಿ ಒಂದು ತಾಸು ನಿಂತರೆ ಮೊಟ್ಟೆ, ಮರಿ, ದುಂಬಿ ಎಲ್ಲ ಸಾಯುತ್ತವೆ. ಮೋಡವಿಲ್ಲದ ಮೇ ದಿನ ಪ್ಲಾಸ್ಟಿಕ್ಕಿನ ಅಡಿ ಇದು ಸುಲಭವಾಗಿ ಬರುತ್ತದೆ. ಹನ್ನೊಂದರಿಂದ ಮೂರರ ತನಕ ಬಿಡಿ, ಮಧ್ಯೆ ಒಮ್ಮೆ ಕೈಯಾಡಿಸಿ ಮತ್ತೆ ಮುಚ್ಚಿ. ಬಿಸಿ ಇರುವಾಗಲೇ ತುಂಬಬೇಡಿ, ಚೀಲದೊಳಗೆ ಬೆವರುತ್ತದೆ. ಪೂರ್ತಿ ಆರಿದ ಮೇಲೆ, ಕತ್ತಲಾಗುವ ಮುಂಚೆ, ಗಾಳಿಯಾಡದ ಡಬ್ಬಿ ಅಥವಾ ಒಳಗೆ ಪ್ಲಾಸ್ಟಿಕ್ ಪದರವಿರುವ ಚೀಲಕ್ಕೆ ತುಂಬಿ ಬಾಯಿ ಬಿಗಿಯಿರಿ. ಹಳೇ ಗೋಣಿಚೀಲ ಮರುಬಳಕೆ ಬೇಡ, ಅದರ ನೇಯ್ಗೆಯಲ್ಲಿ ದುಂಬಿ ಕೂತಿರುತ್ತದೆ.

ನುಸಿ ಈಗಾಗಲೇ ತೂತು ಮಾಡಿದ ಕಾಳು ಬಿತ್ತನೆಗೆ ಬರಲ್ಲ, ಆರಿಸಿ ತೆಗೆಯಿರಿ. ಬಿತ್ತುವ ವಾರ ಮುಂಚೆ ನೂರು ಕಾಳು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಎಷ್ಟು ಮೊಳಕೆ ಬಂತು ಅಂತ ಎಣಿಸಿ. 75ಕ್ಕಿಂತ ಕಡಿಮೆ ಇದ್ದರೆ ಬೇರೆ ಬೀಜ ನೋಡಿಕೊಳ್ಳಿ.