ಸತ್ತ ಕಾಗೆಗಳನ್ನು ಸುಡುವ ಮೊದಲು ಒಂದು ಫೋನ್ ಮಾಡಿ

ಪ್ರತಿ ಚಳಿಗಾಲ ಇದೇ ಪ್ರಶ್ನೆ. ಈ ಸಲ ಒಬ್ಬ ಓದುಗರು ಸಿಟ್ಟಿನಲ್ಲೇ ಕೇಳಿದ್ದಾರೆ: "ಹಕ್ಕಿ ಜ್ವರ ತರುವುದು ಕೆರೆಯ ಹಕ್ಕಿಗಳು. ನೀವು ಸತ್ತ ಕಾಗೆಗಳ ಹಿಂದೆ ಯಾಕೆ ಬಿದ್ದಿದ್ದೀರಿ? ಗುಬ್ಬಿ, ಗೊರವಂಕಗಳನ್ನು ಹಿಡಿದು ಪರೀಕ್ಷೆ ಮಾಡಬಹುದಲ್ವಾ?"

ಬಾತು, ಹೆಬ್ಬಾತುಗಳು ಈ ವೈರಸ್ಸಿನ ಹಳೆಯ ತವರು, ನಿಜ. ಎಷ್ಟೋ ಬಾತುಗಳು ಸೋಂಕು ಹೊತ್ತೂ ಆರಾಮಾಗಿ ಈಜುತ್ತಿರುತ್ತವೆ. ಹಿಕ್ಕೆಯಲ್ಲಿ ವೈರಸ್ ಹೋಗುತ್ತಿರುತ್ತದೆ. ಹಾಗಾಗಿ ಕೆರೆ ದಂಡೆಯ ಹಿಕ್ಕೆ ತಂದರೂ ಅಲ್ಲಿ ಏನಾದರೂ ಸಿಗಬಹುದು. ನೆಲದ ಹಕ್ಕಿಗಳ ಲೆಕ್ಕ ಬೇರೆ. ಆರೋಗ್ಯವಾಗಿರುವ ಗುಬ್ಬಿಗಳನ್ನು ಬಲೆ ಹಾಕಿ ಹಿಡಿದರೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಸುಮ್ನೆ ಅವಕ್ಕೆ ಹಿಂಸೆ.

ಕಾಗೆ ಹಾಗಲ್ಲ. ದಂಡೆಯಲ್ಲಿ ಸತ್ತ ಬಾತನ್ನೂ ತಿನ್ನುತ್ತದೆ, ರಸ್ತೆ ಬದಿ ಎಸೆದ ಕೋಳಿಯನ್ನೂ ಕುಕ್ಕುತ್ತದೆ. ಸಂಜೆ ನೂರಾರು ಕಾಗೆಗಳು ಒಂದೇ ಮರದಲ್ಲಿ ಕೂರುತ್ತವೆ. ಈ ವೈರಸ್ಸಿನ ಮಾರಕ ತಳಿ ಹೊಕ್ಕರೆ ಸಾಯುತ್ತವೆ, ಅದೂ ನಮ್ಮ ಕಣ್ಣೆದುರೇ. 2011-12ರಲ್ಲಿ ಜಮ್‌ಶೆಡ್‌ಪುರದ ಕಾಗೆಗಳಲ್ಲಿ ಎಚ್5ಎನ್1 ಎಂಬ ಹಕ್ಕಿ ಜ್ವರದ ವೈರಸ್ ಸಿಕ್ಕಿತು. 2021ರ ಜನವರಿ ಹೊತ್ತಿಗೆ ರಾಜಸ್ಥಾನದ ಝಾಲಾವಾಡ, ಮಧ್ಯಪ್ರದೇಶದ ಇಂದೋರ್‌ನ ಕಾಗೆಗಳಲ್ಲಿ ಅದರ ಇನ್ನೊಂದು ಬಗೆ, ಎಚ್5ಎನ್8. ಅದೇ ವಾರಗಳಲ್ಲಿ ಹಿಮಾಚಲದ ಪೊಂಗ್ ಜಲಾಶಯದಲ್ಲಿ ಸತ್ತ ಪಟ್ಟೆತಲೆ ಹೆಬ್ಬಾತುಗಳಲ್ಲಿ ಎಚ್5ಎನ್1! ಒಂದೇ ಚಳಿಗಾಲ, ಎರಡು ಬೇರೆ ವೈರಸ್. ಯಾರೋ ಸತ್ತ ಹಕ್ಕಿಗಳ ಮಾದರಿಯನ್ನು ಹೊತ್ತಿಗೆ ಸರಿಯಾಗಿ ಹಕ್ಕಿ ಜ್ವರ ಪತ್ತೆ ಮಾಡುವ ಭೋಪಾಲದ ಪ್ರಯೋಗಾಲಯಕ್ಕೆ ಮುಟ್ಟಿಸಿದ್ದರಿಂದ ಇದು ಗೊತ್ತಾಯಿತು.

ನನಗೆ ಬೇಜಾರಾಗುವುದು ಇಲ್ಲೇ. ಹೋದ ವರ್ಷ ಒಂದೂರಿನಿಂದ ಕರೆ ಬಂತು, ಏಳೆಂಟು ಕಾಗೆ ಸತ್ತಿವೆ ಎಂದು. ಹೋಗಿ ನೋಡಿದರೆ ಸೀಮೆಎಣ್ಣೆ ಸುರಿದು ಸುಟ್ಟು ನಾಲ್ಕು ದಿನ ಆಗಿತ್ತು. ಬೂದಿಯಿಂದ ನಾನೇನು ಪರೀಕ್ಷೆ ಮಾಡಲಿ? ಗಂಟಲಿನ ಮತ್ತು ಗುದದ್ವಾರದ ದ್ರವವನ್ನು ಹತ್ತಿಯ ಕಡ್ಡಿಯಲ್ಲಿ ತೆಗೆದು, ಮಂಜುಗಡ್ಡೆಯ ತಂಪಿನಲ್ಲೇ ಕಳಿಸಬೇಕು. ಬಿಸಿಲಲ್ಲಿ ಕೊಳೆತ ಹಕ್ಕಿಯಲ್ಲಿ ವೈರಸ್ ಇದ್ದರೂ 'ಇಲ್ಲ' ಎಂಬ ಉತ್ತರ ಬರಬಹುದು. ಆ ಸುಳ್ಳು 'ಇಲ್ಲ' ನನಗೆ 'ಇದೆ'ಗಿಂತ ಜಾಸ್ತಿ ಭಯ.

ಒಂದೇ ಕಾಗೆ ಸತ್ತಿದ್ದರೆ ಕರೆಂಟ್ ತಂತಿ, ವಿಷ, ಗಾಳಿಪಟದ ದಾರ, ಏನು ಬೇಕಾದರೂ ಕಾರಣ ಇರಬಹುದು. ಒಂದೇ ಜಾಗದಲ್ಲಿ ಎರಡು ದಿನದೊಳಗೆ ಮೂರ್ನಾಲ್ಕು ಸತ್ತರೆ, ಇಲ್ಲವೇ ಕತ್ತು ತಿರುಚಿಕೊಂಡು ತೂರಾಡುತ್ತಿದ್ದರೆ, ಅವತ್ತೇ ಪಶು ಸಹಾಯವಾಣಿ 1962ಕ್ಕೆ ಅಥವಾ ಹತ್ತಿರದ ಪಶು ಆಸ್ಪತ್ರೆಗೆ ಹೇಳಿ. ಬರಿಗೈಯಲ್ಲಿ ಮುಟ್ಟಬೇಡಿ. ನಾಯಿ ಎಳೆಯದಂತೆ ಬಕೆಟ್ ಬೋರಲು ಹಾಕಿ. ಜಾಗ, ದಿನ, ಎಷ್ಟು ಹಕ್ಕಿ ಎಂದು ಬರೆದಿಡಿ. ಅನುಮಾನ ತಪ್ಪಾದರೂ ನಾನು ಬೈಯುವುದಿಲ್ಲ.

ಓದುಗರ ಉಳಿದ ಪ್ರಶ್ನೆಗಳು. ಬೇಯಿಸಿದ ಕೋಳಿ ತಿನ್ನಬಹುದಾ? ಒಳಗೂ 70 ಡಿಗ್ರಿ ಬಿಸಿ ಮುಟ್ಟುವಂತೆ ಬೇಯಿಸಿ, ತಿನ್ನಿ. ಬಾಲ್ಕನಿಯ ಪಾರಿವಾಳ? ಅದಕ್ಕೆ ಈ ಸೋಂಕು ಸುಲಭಕ್ಕೆ ತಗಲುವುದಿಲ್ಲ. ಕೋಳಿಗೆ ಅರಿಶಿನದ ನೀರು, ಬೇವಿನ ಹೊಗೆ, 'ಹಕ್ಕಿ ಜ್ವರದ ಮಾತ್ರೆ'? ಯಾವುದೂ ಈ ವೈರಸ್ಸನ್ನು ತಡೆಯುವುದಿಲ್ಲ. ಮಾರುವವರು ನಿಮ್ಮ ದುಡ್ಡಿನ ಜೊತೆ ರೋಗ ತಿಳಿಸಬೇಕಾದ ಹೊತ್ತನ್ನೂ ಕಸಿಯುತ್ತಾರೆ.

ಕೊನೆಯದು, ಗದಗದ ಕಡೆಯಿಂದ: "ಮಾಗಡಿ ಕೆರೆಗೂ ಅದೇ ಪಟ್ಟೆತಲೆ ಹೆಬ್ಬಾತು ಬರುತ್ತದೆ. ಪಟಾಕಿ ಹೊಡೆದು ಓಡಿಸೋಣವೇ?" ದಯವಿಟ್ಟು ಬೇಡ. ಓಡಿದ ಹಕ್ಕಿ ಪಕ್ಕದ ಊರಿನ ಕೆರೆಯಲ್ಲಿ ಇಳಿಯುತ್ತದೆ. ಸೋಂಕಿದ್ದರೆ ಅದೂ ಜೊತೆಗೇ ಹೋಗುತ್ತದೆ. ನಿಮ್ಮ ಸಾಕುಕೋಳಿ, ಬಾತುಗಳನ್ನು ಆ ನೀರಿಗೆ ಬಿಡದಿದ್ದರೆ ಸಾಕು.